ಲೈಫ್‌ಬೋಟ್ ಡ್ರಿಲ್ಲಲ್ಲೇ ಜನ ಸಾಯೋದು ಯಾಕೆ? ಒಂದು ಹುಕ್ಕಿನ ಹಿಂದಿನ ಕಥೆ

ಮಂಗಳೂರು, ಉಡುಪಿ, ಕಾರವಾರ ಕಡೆ ಶಿಪ್ಪಲ್ಲಿ ಕೆಲಸ ಮಾಡೋರಿರೋ ಮನೆ ಬೇಕಾದಷ್ಟಿವೆ. ಅವ್ರೆಲ್ಲ ತಿಂಗಳಿಗೊಂದ್ಸಲ ಅಪಾಯದಲ್ಲಿ ಹಡಗು ಬಿಟ್ಟು ಹೋಗೋ ಡ್ರಿಲ್ ಮಾಡ್ಲೇಬೇಕು, ಮೂರು ತಿಂಗಳಿಗೊಮ್ಮೆ ಲೈಫ್‌ಬೋಟ್ ನೀರಿಗಿಳಿಸಿ ಓಡಿಸ್ಲೇಬೇಕು. ಹೀಗೆ ಪ್ರಾಕ್ಟೀಸ್ ಮಾಡೋವಾಗ್ಲೇ ಎಷ್ಟೋ ಜನ ಜೀವ ಕಳ್ಕೊಂಡಿದ್ದಾರೆ, ಆದ್ರೆ ಹೊರಗಿನವರಿಗೆ ಇದು ಗೊತ್ತೇ ಆಗಲ್ಲ.

1912ರಲ್ಲಿ ಟೈಟಾನಿಕ್ ಮುಳುಗಿದಾಗ 2200ಕ್ಕೂ ಹೆಚ್ಚು ಜನ ಇದ್ರು, ಬೋಟಲ್ಲಿ ಜಾಗ ಇದ್ದಿದ್ದು 1178 ಜನಕ್ಕೆ. 1914ರಲ್ಲಿ ಸೋಲಾಸ್ ಅನ್ನೋ, ಕಡಲಲ್ಲಿ ಜೀವ ಉಳಿಸೋಕೆ ಅಂತ ಮಾಡಿದ ಅಂತರರಾಷ್ಟ್ರೀಯ ಒಪ್ಪಂದ ಬಂತು, ಆಮೇಲೆ 1974ರವರೆಗೆ ನಾಲ್ಕು ಸಲ ಹೊಸದಾಗಿ ಬರೆದ್ರು.

ತೊಡಕು ಶುರುವಾಗಿದ್ದು 1980ರಲ್ಲಿ. ನಾರ್ವೆ ಕಡೆಯ ಉತ್ತರ ಸಮುದ್ರದಲ್ಲಿ ಅಲೆಕ್ಸಾಂಡರ್ ಕೀಲಾಂಡ್ ಅನ್ನೋ, ತೈಲ ಕೆಲಸದವರಿದ್ದ ಪ್ಲಾಟ್‌ಫಾರ್ಮ್ ಬಿರುಗಾಳಿಗೆ ಮಗುಚಿ 123 ಜನ ಸತ್ತರು. ಲೈಫ್‌ಬೋಟನ್ನ ಎರಡೂ ತುದೀಲಿ ಹುಕ್ ಹಾಕಿ ವೈರಲ್ಲಿ ಇಳಿಸೋದು. ಅಲ್ಲಿ ಬೋಟುಗಳನ್ನ ಇಳಿಸಿದ್ರೂ ಹೆಚ್ಚಿನವು ವೈರಿಂದ ಬಿಡಿಸ್ಕೊಳ್ಳೋಕೇ ಆಗ್ಲಿಲ್ಲ, ಯಾಕಂದ್ರೆ ಬೋಟಿನ ಭಾರ ಪೂರ್ತಿ ನೀರಿನ ಮೇಲೆ ಬಂದ್ರೆ ಮಾತ್ರ ಹುಕ್ ಬಿಚ್ಚೋದು, ಅಂಥಾ ಅಲೇಲಿ ವೈರ್ ಸಡಿಲ ಆಗೋದೆಲ್ಲಿಂದ? ಹಾಗಾಗಿ ಭಾರ ಇದ್ದಾಗ್ಲೂ ಹುಕ್ ಬಿಚ್ಚೋ ಹಾಗಿರ್ಬೇಕು ಅಂತ ಸೋಲಾಸಲ್ಲಿ 1986ರಿಂದ ಕಡ್ಡಾಯ ಆಯ್ತು.

ಉದ್ದೇಶ ಒಳ್ಳೇದೇ. ಬೋಟೊಳಗಿನ ಒಂದು ಲಿವರ್ ಎಳೆದ್ರೆ ಮುಂದಿನ ಹಿಂದಿನ ಎರಡೂ ಹುಕ್ ಒಟ್ಟಿಗೆ ಬಿಚ್ಕೊಳ್ಬೇಕು. ಆದ್ರೆ ಕೆಲವು ಹುಕ್ಕುಗಳ ಡಿಸೈನ್ ಹೇಗಿತ್ತಂದ್ರೆ ಬೋಟಿನ ಭಾರವೇ ಅದನ್ನ ತೆರೆಯೋಕೆ ನೋಡೋದು, ಒಂದು ಸಣ್ಣ ಲಾಕ್ ಅದನ್ನ ತಡೆದಿರೋದು. ಕೇಬಲ್ಲಿಗೆ ತುಕ್ಕು ಹಿಡಿದಿದ್ರೆ, ಹಿಂದಿನ ಸಲ ಹುಕ್ ಸರಿಯಾಗಿ ಕೂತಿರದಿದ್ರೆ, ಮೇಲಿಂದ ಬೋಟ್ ಜನರ ಸಮೇತ ಬೀಳೋದು, ಇಲ್ಲಾ ಒಂದೇ ತುದೀಲಿ ನೇತಾಡೋದು. ಬ್ರಿಟನ್ನಿನ ಹಡಗು ಅಪಘಾತ ತನಿಖಾ ಸಂಸ್ಥೆ 2001ರಲ್ಲಿ ತನ್ನ ಹತ್ತು ವರ್ಷದ ದಾಖಲೆ ತೆಗೆದು ನೋಡಿದ್ರೆ ಲೈಫ್‌ಬೋಟ್ ಅಪಘಾತಗಳಲ್ಲಿ ಸತ್ತ ಸಿಬ್ಬಂದಿ 12.

ಇಂಥಾ ಪ್ರತಿ ಸಲ ಕ್ರೂ ತಪ್ಪು ಅಂತ ಬರೆದುಬಿಡೋದು ಸುಲಭ. ಆದ್ರೆ ಒಂದೊಂದು ಕಂಪನಿ ಹುಕ್ ಒಂದೊಂದು ಥರ, ಕಾಂಟ್ರಾಕ್ಟಿಗೊಂದು ಹಡಗು ಹತ್ತೋ ಹುಡುಗ ಬಂದ ಕೆಲವೇ ದಿನದಲ್ಲಿ ವಾಚ್ ಅನ್ನೋ ಪಾಳಿ ಡ್ಯೂಟಿ, ಕಾರ್ಗೋ ಕೆಲಸದ ಮಧ್ಯೆ ಇದನ್ನೂ ಕಲೀಬೇಕು.

ರೂಲುಗಳ ರಿಪೇರಿ ನಿಧಾನಕ್ಕೆ ಬಂತು. ಡ್ರಿಲ್ಲಲ್ಲಿ ಬೋಟ್ ಇಳಿಸೋವಾಗ ಒಳಗೆ ಜನ ಇರ್ಲೇಬೇಕಿಲ್ಲ ಅಂತ 2006ರಲ್ಲಿ, ಹುಕ್ ಬಿಟ್ರೂ ಬೋಟ್ ಬೀಳದ ಹಾಗೆ ಇನ್ನೊಂದು ಪಟ್ಟಿಯೋ ಪಿನ್ನೋ ಹಾಕಿ ಅಂತ 2009ರಲ್ಲಿ, ಹಳೇ ಹುಕ್ ಪಾಸಾಗದಿದ್ರೆ ತೆಗೆದು ಹಾಕಿ ಅಂತ 2011ರಲ್ಲಿ. ಅದಕ್ಕೂ 2019ರ ಜುಲೈವರೆಗೆ ಟೈಮ್ ಕೊಟ್ಟಿದ್ರು, ನನಗಂತೂ ಅದು ತುಂಬಾ ಜಾಸ್ತಿ ಅನ್ಸುತ್ತೆ. ಈ ಮಧ್ಯೆ 2013ರ ಫೆಬ್ರವರೀಲಿ ಕೆನರಿ ದ್ವೀಪದ ಲಾ ಪಾಲ್ಮಾದಲ್ಲಿ ಥಾಮ್ಸನ್ ಮೆಜೆಸ್ಟಿ ಅನ್ನೋ ಕ್ರೂಸ್ ಹಡಗಿನ ಡ್ರಿಲ್ಲಲ್ಲಿ ಐದು ಜನ ಸತ್ತರು, ಅಲ್ಲಿ ಕೈಕೊಟ್ಟಿದ್ದು ಹುಕ್ಕಲ್ಲ, ತುಕ್ಕು ಹಿಡಿದ ವೈರ್.

2020ರಿಂದ ವರ್ಷಕ್ಕೊಮ್ಮೆಯ, ಐದು ವರ್ಷಕ್ಕೊಮ್ಮೆಯ ದೊಡ್ಡ ಚೆಕ್ಕಿಂಗನ್ನ ಸರ್ಟಿಫಿಕೇಟ್ ಇರೋರೇ ಮಾಡ್ಬೇಕು. ವಾರದ್ದು, ತಿಂಗಳದ್ದು ಈಗ್ಲೂ ಹಡಗಿನವರ ಕೈಲೇ ಇದೆ, ಅದಕ್ಕೆ ಬೇಕಾದ ಕೈ ಮತ್ತು ಟೈಮ್ ಎಷ್ಟು ಅನ್ನೋದನ್ನ ಈ ಹುಕ್ಕಿನ ರೂಲುಗಳು ಹೇಳಲ್ಲ.