ಸುಲ್ತಾನನ ಗೋರಿಯ ಮುಂದೆ ಜಂಗಮರ ಶಂಖ: ಅಷ್ಟೂರು ಜಾತ್ರೆಯ ಹಿನ್ನೆಲೆ

ಬೀದರ ಊರಿನಿಂದ ಪೂರ್ವಕ್ಕೆ ಸುಮಾರು ಮೂರು ಕಿಲೋಮೀಟರ್ ಹೋದರೆ ಅಷ್ಟೂರು ಸಿಗುತ್ತದೆ. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿರುವುದು ಇಲ್ಲೇ. ಪ್ರವಾಸಕ್ಕೆ ಬಂದವರು ಗುಮ್ಮಟಗಳ ಫೋಟೊ ತೆಗೆದುಕೊಂಡು ಹೊರಡುತ್ತಾರೆ. ಆದರೆ ವರ್ಷಕ್ಕೊಮ್ಮೆ, ಬೇಸಿಗೆ ಶುರುವಾಗುವ ಹೊತ್ತಿಗೆ, ಇದೇ ಗೋರಿಗಳ ಮುಂದೆ ಜಾತ್ರೆ ನೆರೆಯುತ್ತದೆ. ಅದು ಸುಲ್ತಾನ ಅಹ್ಮದ್ ಶಾ ವಲಿಯ ಉರುಸು. ಬೇರೆ ಉರುಸುಗಳು ಹಿಜರಿ ತಿಂಗಳ ಲೆಕ್ಕದಲ್ಲಿ ನಡೆದರೆ ಇದು ಹಿಂದೂ ಪಂಚಾಂಗದ ಪ್ರಕಾರ ನಡೆಯುತ್ತದೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರನ್ನು ಕಟ್ಟಿಕೊಂಡು ನಡೆದು ಬರುತ್ತಾರೆ. ಶಂಖ ಊದುತ್ತಾರೆ, ಕಾಯಿ ಒಡೆಯುತ್ತಾರೆ. ಮುಸ್ಲಿಮರಿಗೆ ಒಳಗೆ ಮಲಗಿದವನು ವಲಿ, ಅಂದರೆ ಸಂತ. ಜಂಗಮರ ಜೊತೆ ಬಂದವರಿಗೆ ಅವನು ಅಲ್ಲಮಪ್ರಭು.

ಅಲ್ಲಮ ಹನ್ನೆರಡನೇ ಶತಮಾನದವನು. ಸುಲ್ತಾನ ಆಳಿದ್ದು 1422ರಿಂದ 1436ರವರೆಗೆ. ನಡುವೆ ಎರಡೂವರೆ ಶತಮಾನ ಕಳೆದಿದೆ. ಇಬ್ಬರೂ ಒಬ್ಬರೇ ಹೇಗಾದರು? ಇದನ್ನು ‘ಭಾವೈಕ್ಯ’ ಅಂತ ಕರೆದು ಸುಮ್ನೆ ಮುಂದೆ ಹೋಗುವುದು ನಮ್ಮ ರೂಢಿ. ಆದರೆ ಈ ನಂಬಿಕೆ ತಾನಾಗಿ ಹುಟ್ಟಿದ್ದಲ್ಲ. ಅದರ ಹಿಂದೆ ಅರಮನೆಯ ಜಗಳ ಇದೆ, ಬರ ಇದೆ, ಕಾಯಿಲೆ ಇದೆ, ರಕ್ತಪಾತವೂ ಇದೆ. ಅದನ್ನೆಲ್ಲ ಬಿಟ್ಟರೆ ಈ ಜಾತ್ರೆ ನಮಗೆ ಅರ್ಥವಾಗುವುದಿಲ್ಲ.

ಪಂಥಗಳ ತಕರಾರು ಈ ನಾಡಿಗೆ ಹೊಸದಲ್ಲ. ಚಿತ್ತಾಪುರ ತಾಲ್ಲೂಕಿನ ಸನ್ನತಿಯಲ್ಲಿ, ಭೀಮಾ ನದಿಯ ದಂಡೆಯ ಮೇಲೆ, ಚಂದ್ರಲಾಂಬೆಯ ಗುಡಿ ಇದೆ. ಆ ಆವರಣದ ಕಾಳಿ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಆಗ ಮೂರ್ತಿಯ ಕೆಳಗಿನ ಪೀಠದಲ್ಲಿ ಅಶೋಕನ ಶಾಸನ ಕಂಡಿತು. ಅದರಲ್ಲಿ ಅವನ 12ನೇ ಶಾಸನವೂ ಇದೆ. ತನ್ನ ಪಂಥವನ್ನು ಅತಿಯಾಗಿ ಹೊಗಳಬೇಡಿ, ಬೇರೆಯವರ ಪಂಥವನ್ನು ಸುಮ್ಮನೆ ಹಳಿಯಬೇಡಿ, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿ ಅಂತ ರಾಜ ಅದರಲ್ಲಿ ಹೇಳಿದ್ದಾನೆ. ಪಕ್ಕದ ಕನಗನಹಳ್ಳಿಯ ಬೌದ್ಧ ಸ್ತೂಪದಲ್ಲಿ ‘ರಾಯೊ ಅಸೋಕೊ’ ಅಂತ ಹೆಸರು ಕೆತ್ತಿದ ಅವನ ಚಿತ್ರವೇ ಸಿಕ್ಕಿದೆ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲೇ ರಾಜನೊಬ್ಬ ಇಂಥ ಮಾತನ್ನು ಕಲ್ಲಿನ ಮೇಲೆ ಬರೆಸಬೇಕಾಯಿತು ಅಂದರೆ ಆಗಲೂ ಜನ ಕಚ್ಚಾಡುತ್ತಿದ್ದರು ಅಂತಲೇ ಅಲ್ವಾ?

ಅಷ್ಟೂರಿನ ಕಥೆ ಮಾತ್ರ ಕಲ್ಯಾಣದಿಂದ ಶುರುವಾಗುತ್ತದೆ. ಇಂದಿನ ಬಸವಕಲ್ಯಾಣ ಆಗ ರಾಜಧಾನಿ. ಕಲಚುರಿ ಬಿಜ್ಜಳನ ಹತ್ತಿರ ಬಸವಣ್ಣ ಭಂಡಾರಿ. ಅನುಭವ ಮಂಟಪದಲ್ಲಿ ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ ಮುಂತಾದ ದುಡಿಯುವ ಜನ ಕೂತು ಮಾತಾಡಿದರು. ಶೂನ್ಯ ಪೀಠದಲ್ಲಿ ಕೂತವನು ಅಲ್ಲಮ. ಮುಂದೆ ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು. ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸುವ ಎಳೆಹೂಟೆ ಶಿಕ್ಷೆಗೆ ಒಡ್ಡಿದರು ಅಂತ ಶರಣರ ಪರಂಪರೆ ಹೇಳುತ್ತದೆ. 1167ರ ಹೊತ್ತಿಗೆ ಬಿಜ್ಜಳ ಕೊಲೆಯಾದ, ಶರಣರು ಚದುರಿದರು. ಬಸವಣ್ಣ ಕೂಡಲಸಂಗಮಕ್ಕೆ, ಚನ್ನಬಸವಣ್ಣ ಉಳವಿಗೆ, ಅಲ್ಲಮ ಶ್ರೀಶೈಲದ ಕಡೆಗೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಬಸವಣ್ಣನಿಗೆ ಕೂಡಲಸಂಗಮ ಉಳಿಯಿತು, ಚನ್ನಬಸವಣ್ಣನಿಗೆ ಉಳವಿ ಉಳಿಯಿತು. ಅಲ್ಲಮ ಶ್ರೀಶೈಲದ ಕದಳಿ ವನದಲ್ಲಿ ಬಯಲಾದ ಅಂತ ಹೇಳುತ್ತಾರೆ. ಅವನು ಪೀಠದ ಮೇಲೆ ಕೂತಿದ್ದ ಈ ಸೀಮೆಯ ಜನ ಹೋಗಿ ಹಣೆ ಹಚ್ಚಲು ಹತ್ತಿರದಲ್ಲಿ ಒಂದು ಗದ್ದುಗೆ ಇರಲಿಲ್ಲ. ಅಲ್ಲಮ ಮತ್ತೆ ಬಂದಿದ್ದಾನೆ ಅಂತ ನಂಬಲು ಜನರ ಮನಸ್ಸು ಮೊದಲೇ ಸಿದ್ಧವಾಗಿತ್ತು ಅಂತ ನನಗೆ ಅನಿಸುತ್ತದೆ.

ಇನ್ನು ಸೂಫಿಗಳ ಕಡೆಗೆ ಬರೋಣ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಕಟ್ಟಿದಾಗಿನಿಂದಲೂ ಸುಲ್ತಾನರಿಗೆ ಸಂತರ ಆಶೀರ್ವಾದ ಬೇಕಾಗಿತ್ತು. ಶುರುವಿನಲ್ಲಿ ಆ ಜಾಗದಲ್ಲಿ ಇದ್ದವರು ಶೇಖ್ ಸಿರಾಜುದ್ದೀನ್ ಜುನೈದಿ. ಆಮೇಲೆ ಬಂದವರು ಖಾಜಾ ಬಂದೇನವಾಜ್. 1321ರಲ್ಲಿ ದಿಲ್ಲಿಯಲ್ಲಿ ಹುಟ್ಟಿದವರು, ಚಿಸ್ತಿ ಪರಂಪರೆಯ ನಸೀರುದ್ದೀನ್ ಚಿರಾಗ್ ದೆಹಲವಿಯ ಶಿಷ್ಯರು. 1398ರಲ್ಲಿ ತೈಮೂರ ದಿಲ್ಲಿಯ ಮೇಲೆ ಬಿದ್ದಾಗ ಊರು ಬಿಟ್ಟರು. ಆಗಲೇ ಎಪ್ಪತ್ತು ದಾಟಿದ ಮುದುಕರು. ಗುಜರಾತಿನ ಮೇಲೆ ಹಾದು ಕಲಬುರಗಿಗೆ ಬಂದಾಗ ಸುಲ್ತಾನ ಫಿರೋಜ್ ಶಾ ಗೌರವದಿಂದ ಬರಮಾಡಿಕೊಂಡ.

ಆ ಸ್ನೇಹ ಬಹಳ ದಿನ ಬಾಳಲಿಲ್ಲ. ಫಿರೋಜ್ ದೊಡ್ಡ ಓದುಗಾರ. ಖಾಜಾ ಅವರ ವಿದ್ಯೆ ಅವನಿಗೆ ಸಾಲಲಿಲ್ಲ ಅಂತ ಚರಿತ್ರೆಕಾರರು ಬರೆಯುತ್ತಾರೆ. ಕೋಟೆಯ ಹತ್ತಿರದ ಅವರ ಆಶ್ರಮ, ಅಂದರೆ ಖಾನ್‌ಖಾದಲ್ಲಿ ಜನಜಂಗುಳಿ ಜಾಸ್ತಿಯಾಯಿತು ಅಂತ ದೂರ ಹೋಗಲು ಹೇಳಿದ. ಅವರು ಸರಿದು ಹೋಗಿ ನೆಲೆಸಿದ ಜಾಗದಲ್ಲೇ ಇವತ್ತಿನ ದರ್ಗಾ ಇದೆ. ನಿಜವಾದ ಬಿರುಕು ಮೂಡಿದ್ದು ಪಟ್ಟದ ವಿಷಯಕ್ಕೆ. ತನ್ನ ಮಗನಿಗೆ ಪಟ್ಟ ಸಿಗಲಿ, ಅದಕ್ಕೆ ಆಶೀರ್ವಾದ ಮಾಡಿ ಅಂತ ಫಿರೋಜ್ ಕೇಳಿದ. ಪಟ್ಟ ನಿನ್ನ ತಮ್ಮ ಅಹ್ಮದನಿಗೆ ಬರೆದಿದೆ ಅಂದರು ಖಾಜಾ. ಹಾಗೇ ಆಯಿತು. 1422ರಲ್ಲಿ ಅಹ್ಮದ್ ಸಿಂಹಾಸನ ಏರಿದ. ಕೆಲವೇ ವಾರಗಳಲ್ಲಿ ಖಾಜಾ ತೀರಿಕೊಂಡರು. ದೊಡ್ಡ ದರ್ಗಾ ಎದ್ದಿತು. ಇವತ್ತಿಗೂ ಜಿಲ್ಖಾದ ತಿಂಗಳಲ್ಲಿ ಅಲ್ಲಿ ಉರುಸು ನಡೆಯುತ್ತದೆ. ಸಕ್ಕರೆ ಓದಿಸಲು ಬರುವವರ ಜಾತಿಯನ್ನು ಯಾರೂ ಕೇಳುವುದಿಲ್ಲ.

ಅಹ್ಮದ್ ರಾಜಧಾನಿಯನ್ನು ಬೀದರಕ್ಕೆ ಸಾಗಿಸಿದ. ಹೊಸ ಊರಿಗೆ ಹೊಸ ಗುರು ಬೇಕಾಯಿತು. ಇರಾನಿನ ಕಿರ್ಮಾನ್ ಸೀಮೆಯ ಸೂಫಿ ಶಾ ನಿಯಾಮತುಲ್ಲಾ ಅವರಿಗೆ ಕರೆ ಕಳಿಸಿದ. ಅವರು ಬರಲಿಲ್ಲ. ಮೊದಲು ಮೊಮ್ಮಗ ಬಂದ, ತಂದೆ ತೀರಿಕೊಂಡ ಮೇಲೆ ಮಗ ಖಲೀಲುಲ್ಲಾ ಬಂದರು. ಅಷ್ಟೂರಿಗೆ ಹೋಗುವ ದಾರಿಯಲ್ಲಿ ಕಾಣುವ ಚೌಖಂಡಿ ಅನ್ನುವ ಗೋರಿ ಈ ಖಲೀಲುಲ್ಲಾ ಅವರದು. ಸುಲ್ತಾನನ ಗೋರಿಯ ಒಳಗೋಡೆಯ ಮೇಲೆ ಬಣ್ಣದ ಚಿತ್ತಾರದ ನಡುವೆ ನಿಯಾಮತುಲ್ಲಾ ಅವರ ಸೂಫಿ ಪದ್ಯಗಳನ್ನು ಬರೆಸಿದ್ದಾರೆ. ಅಷ್ಟೂರಿಗೆ ಹೋದವರು ಕಣ್ಣು ಕತ್ತಲೆಗೆ ಒಗ್ಗುವವರೆಗೆ ಒಳಗೆ ನಿಲ್ಲಬೇಕು. ಹೊರಗಿನ ಗುಮ್ಮಟಕ್ಕಿಂತ ಒಳಗಿನ ಗೋಡೆಯೇ ಹೆಚ್ಚು ಹೇಳುತ್ತದೆ.

ಇಷ್ಟಾದರೂ ಅಹ್ಮದ್ ಶಾ ಸಾಧು ಮನುಷ್ಯ ಅಲ್ಲ. ವಿಜಯನಗರದ ಮೇಲೆ ಅವನು ಮಾಡಿದ ದಂಡಯಾತ್ರೆ ಕ್ರೂರವಾಗಿತ್ತು. ವಾರಂಗಲ್ಲನ್ನೂ ಗೆದ್ದ. ಇಂಥವನು ‘ವಲಿ’ ಆದದ್ದು ಮಳೆಯಿಂದ. ಭಾರಿ ಬರ ಬಿದ್ದಾಗ ಸುಲ್ತಾನ ತಾನೇ ಬಯಲಿಗೆ ಹೋಗಿ ಪ್ರಾರ್ಥನೆ ಮಾಡಿದ, ಮಳೆ ಬಂತು, ಜನ ಅವನನ್ನು ವಲಿ ಅಂದರು ಅಂತ ಪರ್ಷಿಯನ್ ಚರಿತ್ರೆಕಾರ ಫರಿಶ್ತಾ ಬರೆದಿದ್ದಾನೆ. ನಂಬುವುದು ಬಿಡುವುದು ಓದುವವರಿಗೆ ಬಿಟ್ಟದ್ದು. ಆದರೆ ಬರ ಕಂಡ ಈ ಸೀಮೆಯ ರೈತನಿಗೆ ಮಳೆ ತರಿಸಿದವನು ಯಾವ ಮತದವನು ಅನ್ನುವುದು ಎರಡನೇ ಮಾತು. ಗದ್ದುಗೆಯಿಲ್ಲದ ಅಲ್ಲಮ ಮತ್ತು ಮಳೆ ತಂದ ಸುಲ್ತಾನ ಒಂದಾಗಲು ಇದಕ್ಕಿಂತ ಗಟ್ಟಿಯಾದ ಕಾರಣ ನನಗೆ ಕಾಣುವುದಿಲ್ಲ.

ನೀರಿನ ಗರಜು ಇನ್ನೊಬ್ಬ ಗುರುವನ್ನೂ ಬೀದರಕ್ಕೆ ಕಟ್ಟಿ ಹಾಕಿತು. ಬೀದರ ಕೂತಿರುವುದು ಕೆಂಪು ಜಂಬಿಟ್ಟಿಗೆ ಕಲ್ಲಿನ ದಿಬ್ಬದ ಮೇಲೆ. ಆ ಕಲ್ಲಿನಲ್ಲಿ ತೂತು ಜಾಸ್ತಿ. ಮಳೆನೀರು ಅದರೊಳಗೆ ಇಳಿದು, ಕೆಳಗಿನ ಗಟ್ಟಿ ಕರಿಕಲ್ಲು ತಾಗಿ, ದಿಬ್ಬದ ಅಂಚಿನಲ್ಲಿ ಒರತೆಯಾಗಿ ಹೊರಗೆ ಬರುತ್ತದೆ. ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ತೋಡಿದ ಸುರಂಗ ಬಾವಿ ಇದೇ ಜಂಬಿಟ್ಟಿಗೆಯ ನೀರನ್ನು ನಂಬಿದ್ದು. ಸುಮಾರು 1510ರ ನಂತರ ಗುರು ನಾನಕರು ದಕ್ಷಿಣ ಯಾತ್ರೆಯಲ್ಲಿ ಇಲ್ಲಿ ತಂಗಿದರು ಅಂತ ಸಿಖ್ ಪರಂಪರೆ ಹೇಳುತ್ತದೆ. ಕುಡಿಯಲು ಒಳ್ಳೆಯ ನೀರಿಲ್ಲ ಅಂತ ಅಲ್ಲಿದ್ದ ಫಕೀರರು ಮತ್ತು ಊರವರು ಹೇಳಿಕೊಂಡರಂತೆ. ನಾನಕರು ಕಾಲಿನಿಂದ ಕಲ್ಲು ಸರಿಸಿದಾಗ ಸಿಹಿನೀರು ಚಿಮ್ಮಿತಂತೆ. ಅದೇ ನಾನಕ್ ಝೀರಾ. ಈಗಿನ ಗುರುದ್ವಾರ ಕಟ್ಟಿದ್ದು 1948ರಲ್ಲಿ. ಅಲ್ಲಿನ ಲಂಗರಿನಲ್ಲಿ ಕೂತು ಉಣ್ಣುವವರಲ್ಲಿ ಸುತ್ತಲ ಹಳ್ಳಿಗಳ ಕನ್ನಡಿಗರೂ ಇರುತ್ತಾರೆ.

ಬೀದರಿಗರು ಹೆಮ್ಮೆಪಡಬೇಕಾದ ಇನ್ನೊಂದು ಸಂಗತಿ ಇದರ ಜೊತೆಗಿದೆ. 1699ರ ಬೈಸಾಖಿಯಂದು ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ಸಿಖ್ಖರ ಖಾಲ್ಸಾ ಪಂಥ ಕಟ್ಟಿದಾಗ ತಲೆ ಕೊಡಲು ಎದ್ದು ನಿಂತ ಐವರಲ್ಲಿ ಭಾಯಿ ಸಾಹಿಬ್ ಸಿಂಗ್ ಒಬ್ಬರು. ಅವರು ಬೀದರದ ಕ್ಷೌರಿಕರ ಮನೆಯವರು ಅಂತ ಸಿಖ್ಖರು ನಂಬುತ್ತಾರೆ. ಪಂಜಾಬಿನಲ್ಲಿ ಮಕ್ಕಳೂ ಬಲ್ಲ ಈ ಹೆಸರು ನಮ್ಮ ಶಾಲೆಗಳಲ್ಲಿ ಕೇಳುವುದು ಅಪರೂಪ. ಇದು ನನಗೆ ನಿಜಕ್ಕೂ ಬೇಸರದ ವಿಷಯ.

ನೀರಾಯಿತು, ಇನ್ನು ಕಾಯಿಲೆ. ಅಫಜಲಪುರ ತಾಲ್ಲೂಕಿನ ಗಾಣಗಾಪುರದಲ್ಲಿ, ಭೀಮಾ ಅಮರಜಾ ಸಂಗಮದ ಹತ್ತಿರ, ಹದಿನೈದನೇ ಶತಮಾನದಲ್ಲಿ ನೃಸಿಂಹ ಸರಸ್ವತಿಗಳು ಇದ್ದರು. ದತ್ತ ಪರಂಪರೆಯ ದೊಡ್ಡ ಗುರು, ಹುಟ್ಟಿದ್ದು ವಿದರ್ಭದ ಕಾರಂಜಾದಲ್ಲಿ. ಮರಾಠಿಯ ಗುರುಚರಿತ್ರೆಯಲ್ಲಿ ಒಂದು ಪ್ರಸಂಗ ಬರುತ್ತದೆ. ಬೀದರದ ಮುಸ್ಲಿಂ ರಾಜನಿಗೆ ತೊಡೆಯ ಮೇಲೆ ಹುಣ್ಣಾಗುತ್ತದೆ. ವೈದ್ಯರ ಔಷಧ ನಾಟುವುದಿಲ್ಲ. ಅವನು ಗುರುವನ್ನು ಹುಡುಕಿಕೊಂಡು ಬರುತ್ತಾನೆ, ವಾಸಿಯಾಗುತ್ತದೆ. ಹಿಂದಿನ ಜನ್ಮದಲ್ಲಿ ಅವನು ಗುರುವಿನ ಸೇವೆ ಮಾಡಿದ ಅಗಸನಾಗಿದ್ದನಂತೆ. ಅಹ್ಮದ್ ಶಾನ ಮಗ ಅಲಾವುದ್ದೀನ್ ಅಹ್ಮದ್ 1458ರಲ್ಲಿ ಕಾಲಿನ ಹುಣ್ಣಿನಿಂದ ಸತ್ತ ಅಂತ ಪರ್ಷಿಯನ್ ಚರಿತ್ರೆಗಳು ಹೇಳುತ್ತವೆ. ಬೀದರದಲ್ಲಿ ದವಾಖಾನೆ ಕಟ್ಟಿಸಿದವನೂ ಅವನೇ. ಕಥೆಯ ರಾಜ ಇವನೇ ಅಂತ ಖಚಿತವಾಗಿ ಹೇಳಲಾಗದು. ಆದರೆ ಭಕ್ತರು ಸುಲ್ತಾನನನ್ನು ಶತ್ರು ಅಂತ ಚಿತ್ರಿಸದೆ ತಮ್ಮ ಗುರುವಿನ ಹಳೆಯ ಸೇವಕ ಅಂತ ಒಳಗೆ ಕರೆದುಕೊಂಡರು. ಮಾಡಿಯಾಳದ ಜಂಗಮರು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ.

ಯಾದಗಿರಿ ಕಡೆ ಹೋದರೆ ಈ ಬೆರಕೆ ಇನ್ನೂ ಗಾಢವಾಗಿದೆ. ಸುರಪುರ ಸೀಮೆಯಲ್ಲಿ ಕೃಷ್ಣಾ ನದಿಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರರ ಗುಡಿ ಇದೆ. ವಿಶ್ವಕರ್ಮರ ಮನೆಯಲ್ಲಿ ಹುಟ್ಟಿದ ಅವರನ್ನು ಮುಸ್ಲಿಮರು ಮೌನುದ್ದೀನ್ ಅನ್ನುತ್ತಾರೆ. ಜಾತ್ರೆಯಲ್ಲಿ ಭಕ್ತರು ಕೂಗುವ ಜಯಘೋಷ ‘ಏಕ್ ಲಾಖ್’ ಪೀರರಿಂದ ಶುರುವಾಗಿ ‘ಹರಹರ ಮಹಾದೇವ’ದಲ್ಲಿ ಮುಗಿಯುತ್ತದೆ. ಅದೇ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನವರ (ಇವರು ಕಲ್ಯಾಣದ ಬಸವಣ್ಣ ಅಲ್ಲ) ಪರಂಪರೆಯೂ ಹೀಗೇ ಎರಡೂ ಕಡೆಯವರದು. ಈ ಎರಡೂ ಜಾಗಗಳಲ್ಲಿ ಯಾವ ಸುಲ್ತಾನನೂ ಹಣ ಸುರಿದು ಜನರನ್ನು ಕೂಡಿಸಲಿಲ್ಲ. ಜನರೇ ನಡೆಸಿಕೊಂಡು ಬಂದರು.

ಹತ್ತೊಂಬತ್ತನೇ ಶತಮಾನದಲ್ಲಿ ಒಬ್ಬರು ಇದನ್ನೇ ಪಂಥವಾಗಿ ಕಟ್ಟಿದರು. ಬಸವಕಲ್ಯಾಣದ ಹತ್ತಿರ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಹುಮನಾಬಾದ್ ಪಕ್ಕದ ಮಾಣಿಕನಗರದಲ್ಲಿ ನೆಲೆಸಿ ಸಕಲಮತ ಸಂಪ್ರದಾಯ ಹುಟ್ಟುಹಾಕಿದರು. ಎಲ್ಲ ಮತಗಳೂ ನಿಜ, ಯಾವುದನ್ನೂ ಬಿಡಬೇಕಿಲ್ಲ ಅನ್ನುವುದು ಅದರ ತಿರುಳು. ಪದಗಳನ್ನು ಮರಾಠಿ, ಕನ್ನಡ, ಹಿಂದಿಯಲ್ಲಿ ಕಟ್ಟಿ ಹಾಡಿದರು. 1865ರಲ್ಲಿ ಸಮಾಧಿಯಾದರು. ಅಷ್ಟೂರಿನಲ್ಲಿ ಜನ ರೂಢಿಯಿಂದ ಮಾಡುತ್ತಿದ್ದುದಕ್ಕೆ ಇಲ್ಲಿ ಒಂದು ತತ್ವ ಸಿಕ್ಕಿತು.

ಇಷ್ಟೆಲ್ಲ ಇದ್ದೂ 1948 ಬಂತು. ಆ ವರ್ಷ ಬಸವಕಲ್ಯಾಣದ ಹತ್ತಿರ ಗೋರಟಾದಲ್ಲಿ ಹೈದರಾಬಾದ್ ನಿಜಾಮನ ಪರ ಇದ್ದ ರಜಾಕಾರರ ಪಡೆ ಊರ ಜನರನ್ನು ಕೊಂದಿತು. ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಬಂದು ನಿಜಾಮನ ಆಳ್ವಿಕೆ ಮುಗಿದ ಮೇಲೆ ಮುಸ್ಲಿಮರ ಮೇಲೆ ಸೇಡಿನ ದಾಳಿಗಳಾದವು. ಇದನ್ನು ತನಿಖೆ ಮಾಡಿದ ಪಂಡಿತ್ ಸುಂದರ್‌ಲಾಲ್ ಸಮಿತಿ ಅತಿ ಹೆಚ್ಚು ನೊಂದ ಜಿಲ್ಲೆಗಳಲ್ಲಿ ಕಲಬುರಗಿ ಮತ್ತು ಬೀದರವನ್ನೂ ಹೆಸರಿಸಿತು. ಆ ವರದಿ ದಶಕಗಳವರೆಗೆ ಹೊರಗೆ ಬರಲಿಲ್ಲ. ಒಂದೇ ಜಾತ್ರೆಗೆ ಹೋಗುವುದರಿಂದ ಜನ ಒಬ್ಬರನ್ನೊಬ್ಬರು ಕೊಲ್ಲುವುದು ನಿಲ್ಲುತ್ತದೆ ಅಂತ ಹೇಳುವವರು ಈ ವರ್ಷವನ್ನು ಮರೆಯಬಾರದು. ಹಾಗಂತ ಜಾತ್ರೆ ನಿಷ್ಪ್ರಯೋಜಕವೂ ಅಲ್ಲ. ಅಷ್ಟು ರಕ್ತ ಹರಿದ ಮೇಲೂ ಅದು ಉಳಿಯಿತು. ಗಾಯವಾದ ಮೇಲೆ ಮತ್ತೆ ಎದುರುಬದುರು ನಿಲ್ಲಲು ಜನರಿಗೆ ಒಂದು ಜಾಗ ಸಿಕ್ಕಿತು.

ಈಗ ಕಾಲ ಬೇರೆ ಆಗಿದೆ. ಯಾರ ಗುರು ಯಾರಿಗೆ ಸೇರಿದವರು ಅಂತ ಕಾಗದದ ಮೇಲೆ ತೋರಿಸಬೇಕು ಅನ್ನುವ ಒತ್ತಾಯ ಹೆಚ್ಚುತ್ತಿದೆ. ಆಳಂದದ ಸೂಫಿ ಸಂತ ಲಾಡ್ಲೆ ಮಶಾಕ್ ಅವರ ದರ್ಗಾದ ಆವರಣದಲ್ಲಿ ಹಿಂದೂ ಸಂತ ರಾಘವ ಚೈತನ್ಯರ ಶಿವಲಿಂಗವೂ ಇದೆ. 2022ರ ಶಿವರಾತ್ರಿಯ ದಿನ ಅಲ್ಲಿ ಕಲ್ಲು ತೂರಾಟವಾಯಿತು. ಆಮೇಲೆ ವಿಷಯ ನ್ಯಾಯಾಲಯಕ್ಕೆ ಹೋಯಿತು. 2025ರ ಶಿವರಾತ್ರಿಗೆ ಹೈಕೋರ್ಟಿನ ಕಲಬುರಗಿ ಪೀಠ 15 ಜನರಿಗೆ ಪೂಜೆಗೆ ಅವಕಾಶ ಕೊಟ್ಟಿತು. ಅವರು ಪೊಲೀಸ್ ಕಾವಲಿನಲ್ಲಿ ಒಳಗೆ ಹೋಗಿ ಬಂದರು. ಗಲಾಟೆ ತಡೆಯಲು ನ್ಯಾಯಾಲಯಕ್ಕೆ ಬೇರೆ ದಾರಿ ಇರಲಿಲ್ಲ ಅನ್ನುವುದನ್ನು ಒಪ್ಪುತ್ತೇನೆ. ಆದರೆ ತಲೆ ಎಣಿಸಿ ಒಳಗೆ ಬಿಡುವ ಪೂಜೆಯಲ್ಲಿ ಹಳೆಯ ರೂಢಿಗೆ ಉಸಿರಾಡಲು ಜಾಗವಿಲ್ಲ.

ಅದಕ್ಕೇ ತುರ್ತಾಗಿ ಆಗಬೇಕಾದ ಕೆಲಸ ಒಂದಿದೆ. ಇಂಥ ಒಂದೊಂದು ಜಾಗದಲ್ಲೂ ಯಾರು ಶಂಖ ಊದುತ್ತಾರೆ, ಯಾರು ಗೋರಿಗೆ ಹಚ್ಚುವ ಗಂಧ (ಸಂದಲ್) ತರುತ್ತಾರೆ, ಯಾವ ಮನೆಯವರು ಎಣ್ಣೆ ಕೊಡುತ್ತಾರೆ ಅನ್ನುವುದು ಅಲ್ಲಿನ ಹಿರಿಯರ ಬಾಯಲ್ಲಿದೆ. ಅದನ್ನು ಅವರಿಂದಲೇ ಕೇಳಿ ಬರೆದಿಡಬೇಕು. ನಮ್ಮಲ್ಲಿ ವಿಶ್ವವಿದ್ಯಾಲಯಗಳಿವೆ, ಇತಿಹಾಸ ಓದುವ ಹುಡುಗ ಹುಡುಗಿಯರಿದ್ದಾರೆ. ತಕರಾರು ಎದ್ದ ಮೇಲೆ ಎರಡೂ ಕಡೆಯವರು ತಮಗೆ ಬೇಕಾದ ನೆನಪನ್ನಷ್ಟೇ ವಕೀಲರ ಮುಂದೆ ಇಡುತ್ತಾರೆ. ತಕರಾರು ಇಲ್ಲದ ಊರುಗಳಲ್ಲಿ, ಇಬ್ಬರೂ ಒಂದೇ ಕಟ್ಟೆಯ ಮೇಲೆ ಕೂತು ಮಾತಾಡುವಾಗಲೇ, ಈ ಕೆಲಸ ಶುರುವಾಗಬೇಕು.