ಪದ ಪರಿಚಯ: ರೀಮೇಕ್

ಕಳೆದ ಮಳೆಗಾಲದಲ್ಲಿ ಅಕ್ಕನ ಮಗ ಮೂಡಿಗೆರೆಯಿಂದ ನಮ್ಮನೆಗೆ ಬಂದಿದ್ದ. ಊಟಕ್ಕೆ ಕೂತಾಗ, "ಮಾವ, ನೀವು ಯಾವಾಗಲೂ ಹೇಳ್ತಿರ್ತೀರಲ್ಲ ರೆಸಿಡೆಂಟ್ ಈವಿಲ್ ಅನ್ನೋ ವಿಡಿಯೋ ಗೇಮು, ಅದರ ರೀಮೇಕ್ ಆಡಿದೆ. ಸೂಪರ್!" ಅಂದ. ಪಲ್ಯ ಬಡಿಸುತ್ತಿದ್ದ ನನ್ನಮ್ಮ ಅಲ್ಲೇ ನಿಂತು, "ರೀಮೇಕಾ? ಹಂಗಾದ್ರೆ ಸ್ವಂತದ್ದೇನಿಲ್ಲ ಅನ್ನು" ಎಂದರು. ಅವನಿಗೆ ಅಜ್ಜಿಯ ಮಾತು ಅರ್ಥವಾಗಲಿಲ್ಲ. ಅಜ್ಜಿಗೆ ಅವನ ಸಂಭ್ರಮ ಅರ್ಥವಾಗಲಿಲ್ಲ. ಒಂದೇ ಪದ, ಅವನ ಬಾಯಲ್ಲಿ ಹೊಗಳಿಕೆ, ಅಮ್ಮನ ಬಾಯಲ್ಲಿ ಮೂದಲಿಕೆ.

ಅಮ್ಮನದು ತಪ್ಪಲ್ಲ. ಕನ್ನಡದಲ್ಲಿ ಈ ಪದ ಬೆಳೆದದ್ದೇ ಟಾಕೀಸಿನಲ್ಲಿ. ತಮಿಳಿನಲ್ಲೋ ತೆಲುಗಿನಲ್ಲೋ ಓಡಿದ ಕಥೆ ತಂದು, ನಮ್ಮ ನಟರಿಗೆ ಅದೇ ಸಂಭಾಷಣೆ ಕೊಟ್ಟು ತೆಗೆದದ್ದು ರೀಮೇಕ್. ಅದರ ಮೇಲಿನ ಸಿಟ್ಟು ಎಷ್ಟಿತ್ತೆಂದರೆ, ಸ್ವಂತ ಕಥೆಯ ಸಿನಿಮಾಕ್ಕೆ ಗಾಂಧಿನಗರ 'ಸ್ವಮೇಕ್' ಅಂತ ಒಂದು ಪದವನ್ನೇ ಹುಟ್ಟಿಸಿತು. ಇಂಗ್ಲಿಷ್ ನಿಘಂಟಿನಲ್ಲಿ ಹುಡುಕಿದರೆ ಸಿಗದ, ಅಪ್ಪಟ ನಮ್ಮದೇ ಪದ ಅದು.

ಗೇಮಿನ ಲೋಕದಲ್ಲಿ ರೀಮೇಕ್ ದಾಟುವುದು ಭಾಷೆಯನ್ನಲ್ಲ, ಕಾಲವನ್ನು. ಹಳೆಯ ಗೇಮಿನ ಕಥೆ, ಪಾತ್ರ, ಜಾಗ, ಆಟದ ತಿರುಳು ಇಟ್ಟುಕೊಂಡು, ಉಳಿದದ್ದನ್ನೆಲ್ಲ, ಅಂದರೆ ಕೋಡ್, ಚಿತ್ರ, ಶಬ್ದ, ಕ್ಯಾಮೆರಾ, ಕೈಗೆ ಸಿಗುವ ಹಿಡಿತ ಎಲ್ಲವನ್ನೂ ಇವತ್ತಿನ ಯಂತ್ರಕ್ಕೆ ಹೊಸದಾಗಿ ಮಾಡುವುದು. ಯಕ್ಷಗಾನ ನೋಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರಸಂಗ ಅದೇ, ಮೇಳ ಬೇರೆ. ಕಥೆ ಗೊತ್ತಿದೆ ಅಂತ ಯಾರೂ ಎದ್ದು ಹೋಗುವುದಿಲ್ಲ.

ತೊಂದರೆ ಇರುವುದು ಈ ಪದದ ದಾಯಾದಿಗಳಲ್ಲಿ. ರೀಮಾಸ್ಟರ್, ಪೋರ್ಟ್, ರೀಬೂಟ್ ಎಲ್ಲಕ್ಕೂ ಜನ ರೀಮೇಕ್ ಅಂತಲೇ ಅನ್ನುತ್ತಾರೆ, ಮಾರುವ ಕಂಪನಿಗಳಿಗೂ ಆ ಗೊಂದಲ ಬೇಕಾಗಿಯೇ ಇದೆ. ಕಾಫಿ ಸೀಮೆಯವನಾದ್ದರಿಂದ ನಾನು ಹುಡುಗನಿಗೆ ತೋಟದ ಲೆಕ್ಕದಲ್ಲೇ ಹೇಳಿದೆ. ಬಯಲುಸೀಮೆಯವರಿಗೆ ಕಸಿ ಅಂದರೆ ಗಿಡಕ್ಕೆ ಗಿಡ ಕಟ್ಟುವುದು. ನಮ್ಮ ಕಡೆ ಕಸಿ ಅಂದರೆ ಕಾಫಿ ಗಿಡದ ಬೇಡದ ಕೊಂಬೆ ತೆಗೆದು, ಗಾಳಿ ಬೆಳಕು ಆಡುವ ಹಾಗೆ ಮಾಡುವುದು. ಬೇರು ಅದೇ, ಬುಡ ಅದೇ, ಗಿಡ ಮಾತ್ರ ಲಕ್ಷಣವಾಗಿ ಕಾಣುತ್ತದೆ. ಅದು ರೀಮಾಸ್ಟರ್. ಗಿಡಕ್ಕೆ ಮುಪ್ಪಾಯಿತು, ಕಾಂಡಕೊರಕ ತಿಂದಿತು ಅಂತ ಬುಡಸಮೇತ ಕಿತ್ತು, ಅದೇ ಸಾಲಿನಲ್ಲಿ, ಅದೇ ತಳಿಯ ಹೊಸ ಸಸಿ ನೆಟ್ಟರೆ ರೀಮೇಕ್. ಆ ಜಾಗಕ್ಕೆ ಅಡಿಕೆ ಹಾಕಿ, ತೋಟದ ಹೆಸರು ಮಾತ್ರ ಉಳಿಸಿಕೊಂಡರೆ ರೀಬೂಟ್. ಪೋರ್ಟ್ ಇದ್ಯಾವುದೂ ಅಲ್ಲ, ಕುಂಡದಲ್ಲಿದ್ದ ಗಿಡವನ್ನು ಕುಂಡದ ಸಮೇತ ಇನ್ನೊಂದು ಮನೆಗೆ ಸಾಗಿಸಿದ ಹಾಗೆ. ಪ್ಲೇಸ್ಟೇಷನ್‌ನಲ್ಲಿದ್ದದ್ದು ಕಂಪ್ಯೂಟರಿನಲ್ಲೂ ಓಡುತ್ತದೆ, ಅಷ್ಟೇ.

ಪೋರ್ಟ್ ಒಂದನ್ನು ಬಿಟ್ಟು ಉಳಿದ ಪದಗಳಿಗೆಲ್ಲ ಟೂಂಬ್ ರೈಡರ್ ಗೇಮಿನ ನಾಯಕಿ ಲಾರಾ ಕ್ರಾಫ್ಟ್ ಒಬ್ಬಳೇ ಸಾಕ್ಷಿ. 1996ರ ಟೂಂಬ್ ರೈಡರ್ ಮೂಲ. ಅದೇ ಸಾಹಸವನ್ನು 2007ರಲ್ಲಿ 'ಆ್ಯನಿವರ್ಸರಿ' ಎಂಬ ಹೆಸರಿನಲ್ಲಿ ಮೊದಲಿನಿಂದ ಕಟ್ಟಿದರು, ಅದು ರೀಮೇಕ್. 2013ರ ಟೂಂಬ್ ರೈಡರ್‌ನಲ್ಲಿ ಲಾರಾಳ ಬದುಕನ್ನೇ ಬೇರೆ ಕಡೆಯಿಂದ ಶುರು ಮಾಡಿದರು, ಅದು ರೀಬೂಟ್. 2024ರಲ್ಲಿ ಮೊದಲ ಮೂರು ಗೇಮ್‌ಗಳ ರೀಮಾಸ್ಟರ್ ಬಂತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ಹೊಸ ಚಿತ್ರ, ಮತ್ತೆ ಒತ್ತಿದರೆ 1996ರ ಮೂಲೆಮೂಲೆಯ ಲಾರಾ. ರೀಮಾಸ್ಟರ್ ಅಂದರೇನು ಅಂತ ಯಾರಾದರೂ ಕೇಳಿದರೆ ಆ ಗುಂಡಿ ತೋರಿಸಿ ಸುಮ್ಮನಾಗಬಹುದು. ಕೆಳಗೆ ಹಳೆಯ ಗೇಮೇ ಓಡುತ್ತಿದೆ, ಮೇಲಿನ ಬಣ್ಣ ಮಾತ್ರ ಬೇರೆ.

ಶ್ಯಾಡೋ ಆಫ್ ದ ಕೊಲೋಸಸ್‌ನದು ಇನ್ನೂ ಸ್ವಾರಸ್ಯ. 2005ರ ಆ ಗೇಮನ್ನು ಬ್ಲೂಪಾಯಿಂಟ್ ಎಂಬ ಅಮೆರಿಕದ ತಂಡ 2011ರಲ್ಲಿ ರೀಮಾಸ್ಟರ್ ಮಾಡಿತು, 2018ರಲ್ಲಿ ರೀಮೇಕ್ ಮಾಡಿತು. ಕೈ ಅದೇ, ಗೇಮ್ ಅದೇ, ಕೆಲಸ ಮಾತ್ರ ಎರಡು. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಕಸಿ ಮಾಡುವುದಕ್ಕೂ ಸಸಿ ನೆಡುವುದಕ್ಕೂ ಇರುವ ಅಂತರ ಕಣ್ಣಿಗೇ ಕಾಣುತ್ತದೆ.

ಇಷ್ಟು ಪದದ ಮಾತಾಯಿತು. ಒಳ್ಳೆಯ ರೀಮೇಕ್ ಯಾವುದು ಎನ್ನುವುದು ಬೇರೆಯೇ ಪ್ರಶ್ನೆ. ಹಳೆಯ ಗೇಮ್‌ಗಳಲ್ಲಿ ಯಂತ್ರದ ಬಡತನ ಯಾವುದು, ಮಾಡಿದವರ ಜಾಣತನ ಯಾವುದು ಅಂತ ಬಿಡಿಸುವುದು ಸುಲಭವಲ್ಲ, ಎಷ್ಟೋ ಕಡೆ ಎರಡೂ ಒಂದೇ ಆಗಿರುತ್ತವೆ. 1996ರ ರೆಸಿಡೆಂಟ್ ಈವಿಲ್‌ನಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವಾಗ, ಕತ್ತಲೆಯಲ್ಲಿ ಒಂದು ಬಾಗಿಲು ನಿಧಾನವಾಗಿ ತೆರೆಯುವುದಷ್ಟೇ ತೆರೆಯ ಮೇಲೆ ಕಾಣುತ್ತಿತ್ತು. ಮುಂದಿನ ಕೋಣೆಯನ್ನು ಸಿಡಿಯಿಂದ ಓದಿಕೊಳ್ಳಲು ಯಂತ್ರಕ್ಕೆ ಬೇಕಾದ ಪುರಸೊತ್ತು ಅದು. ಆದರೆ ಆಡುವವನಿಗೆ ಅದು ಪುರಸೊತ್ತಲ್ಲ, ಆಚೆ ಏನಿದೆಯೋ ಎನ್ನುವ ಎದೆಬಡಿತ. 2002ರಲ್ಲಿ ಮೂಲ ನಿರ್ದೇಶಕ ಶಿಂಜಿ ಮಿಕಾಮಿಯವರೇ ಗೇಮ್‌ಕ್ಯೂಬ್ ಎಂಬ ಯಂತ್ರಕ್ಕೆ ಅದನ್ನು ರೀಮೇಕ್ ಮಾಡಿದಾಗ ಬಾಗಿಲನ್ನು ಹಾಗೇ ಬಿಟ್ಟರು. ಬದಲಿಗೆ ಬೇರೊಂದು ಕಿತಾಪತಿ ಮಾಡಿದರು. ಕೊಂದ ಜೋಂಬಿಯನ್ನು ಸುಡದೆ ಬಿಟ್ಟರೆ, ಅದು ಆಮೇಲೆ ಮೊದಲಿಗಿಂತ ಜೋರಾಗಿ ಎದ್ದು ಬರುತ್ತದೆ. ಹಳೆಯ ಗೇಮ್ ಆಡಿದವರು 'ಈ ಕಾರಿಡಾರ್ ಕ್ಲಿಯರ್ ಆಯ್ತು' ಅಂತ ನಿರಾಳವಾಗಿ ಓಡಾಡುವ ಜಾಗದಲ್ಲೇ ಹೊಂಚು ಹಾಕಿದ್ದಾರೆ. ನಮಗೆ ಗೊತ್ತಿರುವುದನ್ನೇ ನಮ್ಮ ಮೇಲೆ ತಿರುಗಿಸುವುದು ಮೂಲವನ್ನು ಅರೆದು ಕುಡಿದವರಿಂದ ಮಾತ್ರ ಆಗುವ ಕೆಲಸ. ಹುಡುಗ ಆಡಿದ್ದು ಇದಲ್ಲ, 2019ರ ರೆಸಿಡೆಂಟ್ ಈವಿಲ್ 2. ಅದರಲ್ಲಿ ಕ್ಯಾಮೆರಾವನ್ನೇ ಗೋಡೆಯ ಮೂಲೆಯಿಂದ ತೆಗೆದು ಭುಜದ ಹಿಂದೆ ತಂದರು. ಅದೂ ಚೆನ್ನಾಗಿದೆ. ನನ್ನ ಮತ 2002ರದ್ದಕ್ಕೆ.

ಉಲ್ಟಾ ಹೊಡೆದದ್ದಕ್ಕೆ ಉದಾಹರಣೆ ಮಂಜು. ಚಿಕ್ಕಮಗಳೂರಿನವರಿಗೆ ಮಂಜಿನ ಮಹಿಮೆ ಗೊತ್ತು. ದೇವರಮನೆ ಗುಡ್ಡದ ಮೇಲೆ ಮಂಜು ಮುಸುಕಿದಾಗ ಮುಂದೆ ಪ್ರಪಾತವೋ ಇನ್ನೊಂದು ಗುಡ್ಡವೋ ತಿಳಿಯದೆ, ಪ್ರಪಂಚಕ್ಕೆ ಕೊನೆಯೇ ಇಲ್ಲ ಅನ್ನಿಸುತ್ತದೆ. 2004ರ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಸ್ಯಾನ್ ಆ್ಯಂಡ್ರಿಯಾಸ್ ಗೇಮಿನಲ್ಲೂ ಅಂಥದ್ದೇ ಮಬ್ಬು ಇತ್ತು. ದೂರದ್ದನ್ನೆಲ್ಲ ಒಟ್ಟಿಗೆ ತೋರಿಸುವ ತಾಕತ್ತು ಪ್ಲೇಸ್ಟೇಷನ್ 2ಕ್ಕೆ ಇರಲಿಲ್ಲ, ಅದಕ್ಕೇ ಮಬ್ಬು. ಆ ಮಬ್ಬಿನಿಂದಲೇ ಒಂದು ಊರಿನಿಂದ ಇನ್ನೊಂದು ಊರಿಗೆ ಹೋಗುವುದು ದೊಡ್ಡ ಪ್ರಯಾಣದಂತಿತ್ತು. 2021ರಲ್ಲಿ ಮೂರು ಜಿಟಿಎಗಳನ್ನು ಸೇರಿಸಿ 'ಡೆಫಿನಿಟಿವ್ ಎಡಿಷನ್' ತಂದಾಗ ಮಬ್ಬು ಹೋಯಿತು. ವಿಮಾನ ಹತ್ತಿದರೆ ಇಡೀ ರಾಜ್ಯ ಟೇಬಲ್ಲಿನ ಮೇಲಿಟ್ಟ ಆಟಿಕೆ. ಅದರ ಜೊತೆಗೆ ಹತ್ತೆಂಟು ಬಗ್‌ಗಳು (ಕೋಡಿನ ತಪ್ಪುಗಳು) ಬೇರೆ, ಕೊನೆಗೆ ರಾಕ್‌ಸ್ಟಾರ್ ಕಂಪನಿಯೇ ಕ್ಷಮೆ ಕೇಳಬೇಕಾಯಿತು. ಸೈಲೆಂಟ್ ಹಿಲ್ ಎಂಬ ಭಯದ ಗೇಮಿನ ಕಥೆಯೂ ಹೀಗೇ. ಅಲ್ಲಂತೂ ಮಂಜೇ ನಾಯಕ. 2012ರ ಎಚ್‌ಡಿ ಆವೃತ್ತಿಯಲ್ಲಿ ಮಂಜು ಕೆಟ್ಟು, ಮರೆಯಲ್ಲಿರಬೇಕಾದ್ದೆಲ್ಲ ಬಯಲಾಯಿತು.

ಅದು ಹಾಗೆ ಕೆಡಲು ಕಾರಣ ಬರೀ ಬೇಜವಾಬ್ದಾರಿಯಲ್ಲ. ಆ ಆವೃತ್ತಿ ಮಾಡಿದವರ ಕೈಗೆ ಸಿಕ್ಕಿದ್ದು ಪೂರ್ತಿಯಾಗದ, ನಡುವಿನ ಹಂತದ ಸೋರ್ಸ್ ಕೋಡ್. ಸೋರ್ಸ್ ಕೋಡ್ ಅಂದರೆ ಗೇಮಿನ ಅಡುಗೆ ಬರಹ, ನಮಗೆ ಮಾರುವುದು ಬೆಂದ ಅನ್ನ ಮಾತ್ರ. ಅನ್ನದಿಂದ ಮತ್ತೆ ಅಕ್ಕಿ ಮಾಡಲಾಗುವುದಿಲ್ಲ. ಆ ಕಾಲದಲ್ಲಿ ಗೇಮ್ ಮಾರಾಟವಾದ ಮೇಲೆ ಕೋಡ್ ಜೋಪಾನವಾಗಿ ಇಡಬೇಕು ಅಂತ ಎಷ್ಟೋ ಜನರಿಗೆ ಹೊಳೆದಿರಲಿಲ್ಲ. ಐಸ್‌ವಿಂಡ್ ಡೇಲ್ 2ರ ಹೊಸ ಆವೃತ್ತಿ ನಿಂತದ್ದು ಕೋಡ್ ಕಳೆದುಹೋದದ್ದರಿಂದ. 1989ರ ಪ್ರಿನ್ಸ್ ಆಫ್ ಪರ್ಷಿಯಾ ಬರೆದ ಜೋರ್ಡನ್ ಮೆಕ್‌ನರ್‌ಗೆ ಮಾತ್ರ ಅದೃಷ್ಟ ಇತ್ತು. ಕಳೆದೇ ಹೋಯಿತು ಅಂದುಕೊಂಡಿದ್ದ ಫ್ಲಾಪಿಗಳು 2012ರಲ್ಲಿ ಅಪ್ಪ ಕಳಿಸಿದ ಪೆಟ್ಟಿಗೆಯಲ್ಲಿ ಸಿಕ್ಕವು. ಅದೇ ಅಪ್ಪ ಆ ಗೇಮಿಗೆ ಸಂಗೀತ ಕೊಟ್ಟವರೂ ಹೌದು. (ಅದೇ ಸರಣಿಯ 2003ರ ಸ್ಯಾಂಡ್ಸ್ ಆಫ್ ಟೈಮ್‌ನ ರೀಮೇಕ್ 2020ರಲ್ಲಿ ಘೋಷಣೆಯಾದದ್ದು ನಮ್ಮ ಪುಣೆ, ಮುಂಬೈ ಸ್ಟುಡಿಯೋಗಳಿಂದ. ಟ್ರೇಲರ್ ನೋಡಿ ಜನ ಬೈದರು, ಮುಂದಕ್ಕೆ ಹಾಕಿದರು, 2022ರಲ್ಲಿ ಕೆಲಸ ಮಾಂಟ್ರಿಯಲ್‌ಗೆ ಹೋಯಿತು. ಐದು ವರ್ಷವಾದರೂ ಅದು ಆಡುವವರ ಕೈಗೆ ಬರಲಿಲ್ಲ.)

ಕೋಡ್ ಇದ್ದರೂ ಆಡಲಾಗದ ಗೇಮ್‌ಗಳಿವೆ. ಟಿವಿಗೆ ಸಿಕ್ಕಿಸುವ ವಿಡಿಯೋ ಗೇಮ್ ಜೊತೆ ಒಂದು ಪ್ಲಾಸ್ಟಿಕ್ ಬಂದೂಕು ಬರುತ್ತಿತ್ತಲ್ಲ, ಬಾತುಕೋಳಿ ಹೊಡೆಯುವುದು, ತಪ್ಪಿದರೆ ನಾಯಿ ಎದ್ದು ನಗುವುದು. ಅದು 1984ರ ಡಕ್ ಹಂಟ್. ಬಂದೂಕಿನಿಂದ ಟಿವಿಗೆ ಏನೋ ಹೋಗಿ ತಗಲುತ್ತದೆ ಅಂತ ನಾವೆಲ್ಲ ನಂಬಿದ್ದೆವು. ನಿಜ ಅದರ ತಿರುಗುಮುರುಗು, ಟಿವಿಯ ಬೆಳಕೇ ಬಂದೂಕಿನೊಳಗೆ ಬರುತ್ತಿತ್ತು. ಕುದುರೆ ಎಳೆದ ಕ್ಷಣ ತೆರೆ ಕಪ್ಪಾಗಿ, ಹಕ್ಕಿ ಇರುವಲ್ಲಿ ಮಾತ್ರ ಬಿಳಿ ಚೌಕ ಮಿನುಗುತ್ತದೆ. ನಳಿಕೆಯ ಕಣ್ಣಿಗೆ ಆ ಬಿಳಿ ಕಂಡರೆ ಹಕ್ಕಿ ಬಿತ್ತು. ಇದು ನಡೆಯುವುದು ಹಳೆಯ ಡಬ್ಬಾ ಟಿವಿಯ ವೇಗದಲ್ಲಿ ಮಾತ್ರ. ಇವತ್ತಿನ ತೆಳು ಟಿವಿ ಚಿತ್ರ ತೋರಿಸುವುದು ಕಣ್ಣೆವೆ ಮಿಟುಕಿಸುವಷ್ಟು ತಡ, ಅಷ್ಟರಲ್ಲಿ ಬಂದೂಕು ಕಣ್ಣು ಮುಚ್ಚಿರುತ್ತದೆ. ನಮ್ಮ ಅಟ್ಟದಲ್ಲಿ ಬಂದೂಕು ಇನ್ನೂ ಇದೆ. ಟಿವಿ ಗುಜರಿಗೆ ಹೋಗಿದೆ.

ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಂದ ಗೇಮ್‌ಗಳಲ್ಲಿ ಶೇ 87ರಷ್ಟು ಈಗ ಅಂಗಡಿಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ ಅಂತ ಅಲ್ಲಿನ ವಿಡಿಯೋ ಗೇಮ್ ಹಿಸ್ಟರಿ ಫೌಂಡೇಷನ್ 2023ರಲ್ಲಿ ಲೆಕ್ಕ ಕೊಟ್ಟಿತು. ಇವಕ್ಕೆಲ್ಲ ರೀಮೇಕ್ ಬೇಕೇ? ಬೇಡ. ಬಹುಪಾಲಿಗೆ ಪೋರ್ಟ್ ಸಾಕು, ಓಡಿದರೆ ಸಾಕು. ಕಾಂಟ್ರಾಗೆ ರೀಮೇಕ್ ಬೇಡ, ಅದರಲ್ಲಿ ಸವೆದದ್ದು ಏನೂ ಇಲ್ಲ. ಜಿಟಿಎ ವೈಸ್ ಸಿಟಿಗೂ ಬೇಡ. ಅದರಿಂದ ಕಾರಿನ ರೇಡಿಯೋ ಹಾಡು ತೆಗೆದರೆ ಅರ್ಧ ಜೀವ ಹೋಯಿತು, ಆ ಹಾಡುಗಳ ಹಕ್ಕು ಮತ್ತೆ ಕೊಳ್ಳುವುದು ಗ್ರಾಫಿಕ್ಸ್ ಮಾಡುವುದಕ್ಕಿಂತ ಕಷ್ಟದ ಕೆಲಸ. ನನ್ನ ಲೆಕ್ಕದಲ್ಲಿ ರೀಮೇಕ್ ಆಗುವ ಯೋಗ್ಯತೆ ಇರುವುದು, ಅಂದಿನ ಯಂತ್ರಕ್ಕೆ ಹೊರಲಾಗದ ಆಸೆ ಹೊತ್ತಿದ್ದ ಗೇಮಿಗೆ. ಅಂಥದ್ದೊಂದರ ಹೆಸರು ಹೇಳು ಅಂದರೆ ಎರಡನೇ ಮಾತಿಲ್ಲದೆ ಪ್ರಾಜೆಕ್ಟ್ ಐಜಿಐ.

ಚಿಕ್ಕಮಗಳೂರಿನ ಐಜಿ ರಸ್ತೆಯ ಸೈಬರ್‌ಗಳಲ್ಲಿ ಕಾಲೇಜು ತಪ್ಪಿಸಿ ಕೂತವರಿಗೆ ಇದನ್ನು ಪರಿಚಯಿಸಬೇಕಿಲ್ಲ. ರಸ್ತೆಯ ಹೆಸರೇ ಗೇಮಿನ ಮುಕ್ಕಾಲು ಹೆಸರು ಅಂತ ಜೋಕ್ ಮಾಡುತ್ತಿದ್ದೆವು. ನಾರ್ವೆಯ ಇನ್ನರ್‌ಲೂಪ್ ತಂಡ 2000ದಲ್ಲಿ ತಂದ ಈ ಗೇಮಿನ ಎಂಜಿನ್ (ಗೇಮನ್ನು ಓಡಿಸುವ ಒಳಗಿನ ತಂತ್ರಾಂಶ) ಮೊದಲು ಬಳಕೆಯಾದದ್ದು ಯುದ್ಧವಿಮಾನ ಹಾರಿಸುವ ಗೇಮಿಗೆ. ಅದಕ್ಕೇ ಬೇರೆ ಶೂಟಿಂಗ್ ಗೇಮ್‌ಗಳು ಕಾರಿಡಾರಿನಲ್ಲಿ ತೆವಳುತ್ತಿದ್ದಾಗ, ಇದು ಕಿಲೋಮೀಟರುಗಟ್ಟಲೆ ಬೆಟ್ಟ ಬಯಲು ಬಿಚ್ಚಿಟ್ಟಿತು. ಗುಡ್ಡದ ಮೇಲೆ ನಿಂತು, ಬೈನಾಕ್ಯುಲರಿನಲ್ಲಿ ಸೇನಾ ನೆಲೆ ನೋಡಿ, ಎಲ್ಲಿ ಬೇಲಿ ದಾಟಬೇಕು, ಯಾವ ಕ್ಯಾಮೆರಾ ಮೊದಲು ಆರಿಸಬೇಕು ಅಂತ ನಾವೇ ಯೋಚಿಸಬೇಕು. ಆ ಬಯಲನ್ನು ತುಂಬಿಸುವ ಶಕ್ತಿ ಮಾತ್ರ ಆಗ ಇರಲಿಲ್ಲ. ಕಾವಲಿನವರಿಗೆ ಬುದ್ಧಿ ಕಮ್ಮಿ, ಅಲಾರಂ ಹೊಡೆದರೆ ಬ್ಯಾರಕ್ಕಿನಿಂದ ಇರುವೆ ಸಾಲಿನಂತೆ ಬರುತ್ತಲೇ ಇರುತ್ತಾರೆ. ಈ ಕೊರತೆಗಳನ್ನೆಲ್ಲ ಇವತ್ತಿನ ಯಂತ್ರ ತುಂಬಬಲ್ಲದು.

ಒಂದನ್ನು ಬಿಟ್ಟು. ಐಜಿಐಯ ಹದಿನಾಲ್ಕು ಮಿಷನ್‌ಗಳಲ್ಲಿ ಒಂದರಲ್ಲೂ ನಡುವೆ ಸೇವ್ ಮಾಡುವ ಹಾಗಿಲ್ಲ. ಮುಕ್ಕಾಲು ಗಂಟೆ ತೆವಳಿ ಕೊನೆಯ ಗೇಟಿನಲ್ಲಿ ಸತ್ತರೆ ಮತ್ತೆ ಮೊದಲಿನಿಂದ. ಹುಡುಗ ಹೇಳುತ್ತಾನೆ, "ಮಾವ, ಅದು ಬಗ್. ರೀಮೇಕಲ್ಲಿ ಐದೈದು ನಿಮಿಷಕ್ಕೆ ಆಟೋಸೇವ್ ಇಡ್ತಾರೆ." ಹಾಗೆ ಇಟ್ಟ ದಿನ ಅದು ಐಜಿಐ ಅಲ್ಲ. ಕೊನೆಯ ಐವತ್ತು ಮೀಟರಿನಲ್ಲಿ ಕೈ ಬೆವರುತ್ತಿದ್ದದ್ದು ಹಿಂದಿನ ಮುಕ್ಕಾಲು ಗಂಟೆ ಪಣಕ್ಕಿದ್ದದ್ದರಿಂದ. ಆದರೆ ನಾವು ಶಾಪ ಹಾಕುತ್ತಿದ್ದದ್ದು ಗುಂಡು ತಿಂದದ್ದಕ್ಕಲ್ಲ. ಜುಲೈ ಮಳೆ, ಎಲ್ಲೋ ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋಗಿ, ಸೈಬರಿನ ಎಂಟೂ ಕಂಪ್ಯೂಟರ್ ಒಟ್ಟಿಗೆ ಕಪ್ಪಾದಾಗ. ಗಂಟೆಯ ಇಪ್ಪತ್ತು ರೂಪಾಯಿ ಮಾತ್ರ ಎಣಿಸಿ ಕೊಡಬೇಕು.

ಹಾಗಾಗಿ ಅನ್ನದ ಮೇಲೆ ಸಾರು ಹಾಕಿಸಿಕೊಳ್ಳುತ್ತಾ ನಾವಿಬ್ಬರೂ ಒಂದು ರಾಜಿಗೆ ಬಂದೆವು. ಸತ್ತರೆ ಮೊದಲಿನಿಂದ. ಕರೆಂಟ್ ಹೋದರೆ, ನಿಂತ ಜಾಗದಿಂದ.