ಚಕ್ರ ಎಷ್ಟು, ಶಂಖ ಎಷ್ಟು? ಬೆರಳಚ್ಚು ವಿಭಾಗ ಹುಟ್ಟಿದ ಕತೆ

"ಸ್ಥಳಕ್ಕೆ ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಭೇಟಿ ನೀಡಿ ಪರಿಶೀಲನೆ ನಡೆಸಿದರು." ಕಳ್ಳತನ ಯಾವ ಊರಲ್ಲೇ ಆಗಲಿ, ಸುದ್ದಿಯ ಕೊನೆಯ ಸಾಲು ಇದೇ. ನಾಯಿ ಏನು ಮಾಡುತ್ತದೆ ಅಂತ ಎಲ್ಲರಿಗೂ ಗೊತ್ತು. ಬ್ರಷ್ಷು, ಪೌಡರ್ ಡಬ್ಬಿ ಹಿಡಿದು ಬರುವವರ ಕೆಲಸ ಅಷ್ಟಾಗಿ ಗೊತ್ತಿಲ್ಲ. (ಟೈಪಿಂಗಿಗೂ ಬೆರಳಚ್ಚು ಅನ್ನುವವರು ನಾವು, ಗೊಂದಲ ಸಹಜ ಬಿಡಿ.) ಪ್ರಪಂಚದ ಮೊದಲ ಬೆರಳಚ್ಚು ಬ್ಯೂರೋ ಎಂದು ಹೆಸರಾದದ್ದು ಶುರುವಾಗಿದ್ದು ಲಂಡನ್ನಿನಲ್ಲಲ್ಲ, ಕಲ್ಕತ್ತಾದಲ್ಲಿ, 1897ರಲ್ಲಿ.

ಅದಕ್ಕೂ ಮೊದಲು ಬೆರಳ ಗುರುತು ಬೇಕಾಗಿದ್ದು ಕಳ್ಳರನ್ನು ಹಿಡಿಯಲು ಅಲ್ಲವೇ ಅಲ್ಲ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ ರಸ್ತೆ ಸಾಮಗ್ರಿಗಾಗಿ ರಾಜ್ಯಧರ ಕೋನಾಯ್ ಎಂಬ ಗುತ್ತಿಗೆದಾರನ ಜೊತೆ ಕರಾರು ಮಾಡಿಕೊಂಡ. ಸಹಿ ಸಾಲದು ಅನ್ನಿಸಿತು. ಆತನ ಅಂಗೈಗೆ ಶಾಯಿ ಬಳಿದು ಕರಾರಿನ ಹಿಂಬದಿಗೆ ಒತ್ತಿಸಿಕೊಂಡ. ನಾಳೆ 'ಈ ಸಹಿ ನನ್ನದಲ್ಲ' ಅನ್ನದಿರಲಿ ಅಂತ ಸುಮ್ನೆ ಹೆದರಿಸುವ ಉಪಾಯ. ಆಮೇಲೆ ಅವನಿಗೆ ಇದೇ ಗೀಳಾಯಿತು. ತನ್ನದೇ ಬೆರಳ ಗುರುತುಗಳನ್ನು ವರ್ಷಗಟ್ಟಲೆ ತೆಗೆದಿಟ್ಟು ನೋಡಿದ, ಗೆರೆ ಬದಲಾಗಲಿಲ್ಲ. 1877ರಲ್ಲಿ ಹೂಗ್ಲಿಯಲ್ಲಿ ಪಿಂಚಣಿ, ಪತ್ರ ನೋಂದಣಿ, ಜೈಲು ಎಲ್ಲಕ್ಕೂ ಬೆರಳು ಒತ್ತಿಸತೊಡಗಿದ. ಓದು ಬಾರದವರನ್ನು ನಾವು 'ಹೆಬ್ಬೆಟ್ಟು' ಅಂತ ಆಡಿಕೊಳ್ಳುತ್ತೇವೆ. ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಎರಡೆರಡು ಡಿಗ್ರಿ ಇದ್ದವರೂ ಹೆಬ್ಬೆಟ್ಟು ಕೊಟ್ಟೇ ಬರಬೇಕು, ಅಲ್ವಾ?

ಒಬ್ಬರ ಗೆರೆ ಇನ್ನೊಬ್ಬರಿಗಿಲ್ಲ ಎಂಬುದನ್ನು ಆಗ ಹಲವರು ಹೇಳಿದರು. 1880ರಲ್ಲಿ ಜಪಾನಿನಲ್ಲಿದ್ದ ವೈದ್ಯ ಹೆನ್ರಿ ಫೌಲ್ಡ್ಸ್ ಬರೆದ, 1892ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಪುಸ್ತಕವನ್ನೇ ತಂದ. ನನ್ನ ಪ್ರಕಾರ ಅದು ಕತೆಯ ಸುಲಭದ ಭಾಗ. ಕಷ್ಟ ಇದ್ದದ್ದು ಹುಡುಕುವುದರಲ್ಲಿ. ಸಿಕ್ಕಿಬಿದ್ದವನು ಸುಳ್ಳು ಹೆಸರು ಹೇಳುತ್ತಾನೆ. ಬೀರುವಿನಲ್ಲಿ ಸಾವಿರಾರು ಕಾರ್ಡು. ಹೆಸರಿನ ಪ್ರಕಾರ ಜೋಡಿಸಿಟ್ಟರೆ ಏನು ಪ್ರಯೋಜನ? ಗೆರೆಯ ಪ್ರಕಾರವೇ ಜೋಡಿಸಬೇಕು. ಹೇಗೆ?

ಇದನ್ನು ಬಿಡಿಸಿದ್ದು ಬಂಗಾಳ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿಯ ಕೈಕೆಳಗಿದ್ದ ಇಬ್ಬರು. ಒಬ್ಬರು ಅಜೀಜುಲ್ ಹಕ್, ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದವರು. ಇನ್ನೊಬ್ಬರು ಹೇಮಚಂದ್ರ ಬೋಸ್. ಚಿಕ್ಕವರಿದ್ದಾಗ ಬೆರಳ ತುದಿಯಲ್ಲಿ ಚಕ್ರ ಎಷ್ಟು, ಶಂಖ ಎಷ್ಟು ಅಂತ ಎಣಿಸುತ್ತಿದ್ದೆವಲ್ಲ, ಹೆಚ್ಚುಕಡಿಮೆ ಅದೇ ಲೆಕ್ಕ ಇದು. ಹತ್ತು ಬೆರಳನ್ನು ಐದು ಜೋಡಿ ಮಾಡಿ. ಬಲಗೈ ಹೆಬ್ಬೆರಳು ಮತ್ತು ತೋರುಬೆರಳು ಮೊದಲ ಜೋಡಿ, ಬೆಲೆ 16. ಮುಂದಿನ ಜೋಡಿಗಳಿಗೆ 8, 4, 2, 1. ಚಕ್ರ, ಅಂದರೆ ಗುಂಡಗೆ ಸುತ್ತಿದ ಗೆರೆ, ಇದ್ದ ಬೆರಳಿಗಷ್ಟೇ ಬೆಲೆ, ಇಲ್ಲದಿದ್ದರೆ ಸೊನ್ನೆ. ಪ್ರತಿ ಜೋಡಿಯ ಎರಡನೇ ಬೆರಳಿನ ಮೊತ್ತ ಮೇಲೆ, ಮೊದಲ ಬೆರಳಿನದು ಕೆಳಗೆ, ಎರಡಕ್ಕೂ ಒಂದೊಂದು ಕೂಡಿಸಿದರೆ ಮುಗಿಯಿತು. ಒಂದೂ ಚಕ್ರವಿಲ್ಲದವರು 1/1. ಹತ್ತೂ ಚಕ್ರದವರು 32/32. ನಾನು ಈ ಲೇಖನ ಬರೆಯುತ್ತಾ ಲೆಕ್ಕ ಹಾಕಿದೆ: ಬಲಗೈ ಹೆಬ್ಬೆರಳಲ್ಲಿ ಮಾತ್ರ ಚಕ್ರ, ಹಾಗಾಗಿ 1/17. ಒಟ್ಟು 32 ಗುಣಿಸು 32, ಅಂದರೆ 1024 ಗೂಡು. ಕಾರ್ಡು ಬಂದರೆ ಸೀದಾ ಅದರ ಗೂಡಿಗೆ ಹೋಗಿ ನೋಡಿದರಾಯಿತು. ಕಂಪ್ಯೂಟರ್ ಬರುವ ತನಕ ಎಷ್ಟೋ ದೇಶಗಳ ಪೊಲೀಸರು ಇದೇ ಗೂಡುಗಳನ್ನು ನಂಬಿಕೊಂಡಿದ್ದರು.

ಹೆಸರು ಮಾತ್ರ 'ಹೆನ್ರಿ ಪದ್ಧತಿ' ಅಂತಲೇ ಉಳಿಯಿತು. ಸಾಹೇಬರ ಸಹಿ ಬಿದ್ದ ಫೈಲಿನಲ್ಲಿ ಗುಮಾಸ್ತನ ಹೆಸರು ಹುಡುಕಿದ ಹಾಗೆ. ಹಕ್ ಅವರಿಗೆ ಖಾನ್ ಬಹದ್ದೂರ್, ಬೋಸ್ ಅವರಿಗೆ ರಾಯ್ ಬಹದ್ದೂರ್ ಬಿರುದು ಸಿಕ್ಕಿತು. ಆದರೆ ಗಣಿತ ಅವರದು ಎಂಬ ಮಾತು ಗಟ್ಟಿಯಾಗಿ ಕೇಳಿದ್ದು ಎಷ್ಟೋ ಕಾಲದ ಮೇಲೆ.

ಬ್ಯೂರೋ ಶುರುವಾದ ವರ್ಷವೇ ಪರೀಕ್ಷೆ ಎದುರಾಯಿತು. ಜಲ್ಪಾಯ್‌ಗುರಿಯ ಒಂದು ಟೀ ತೋಟದ ಮ್ಯಾನೇಜರನ ಕೊಲೆ. ಹಣ ಕಾಣೆ. ಅವನ ಸಾಮಾನಿನಲ್ಲಿ ಒಂದು ಬಂಗಾಳಿ ಪಂಚಾಂಗ, ಅದರ ಮೇಲೆ ಕಂದು ಬಣ್ಣದ ಕಲೆ. ಭೂತಗನ್ನಡಿ ಹಿಡಿದರೆ ಬೆರಳ ಗೆರೆ. ಹಿಂದೆ ಅಲ್ಲೇ ಕೆಲಸಕ್ಕಿದ್ದು ಕಳ್ಳತನಕ್ಕೆ ಜೈಲು ಕಂಡಿದ್ದ ಆಳಿನ ಬಲ ಹೆಬ್ಬೆರಳಿಗೆ ಅದು ಹೊಂದಿತು. ಆದರೆ ಕೋರ್ಟು ಅವನಿಗೆ ಶಿಕ್ಷೆ ಕೊಟ್ಟಿದ್ದು ಕಳ್ಳತನಕ್ಕೆ ಮಾತ್ರ, ಕೊಲೆಗಲ್ಲ. ಗುರುತು ಹೇಳುವುದು ಅವನು ಅದನ್ನು ಮುಟ್ಟಿದ್ದ ಅಂತ. ಕೊಂದವನೂ ಅವನೇ ಅಂತ ಗೆರೆ ಹೇಳೀತೇ? ಆ ಎಚ್ಚರ ನನಗೆ ಇವತ್ತಿಗೂ ಇಷ್ಟ.

1899ರಲ್ಲಿ ಸಾಕ್ಷ್ಯ ಕಾನೂನು ತಿದ್ದಿ ಬೆರಳಚ್ಚು ತಜ್ಞರ ಅಭಿಪ್ರಾಯಕ್ಕೆ ಜಾಗ ಕೊಟ್ಟರು. 1901ರಲ್ಲಿ ಹೆನ್ರಿ ಲಂಡನ್ನಿಗೆ ಹೋಗಿ ಅಲ್ಲಿನ ಪೊಲೀಸ್ ಕೇಂದ್ರ ಕಚೇರಿ ಸ್ಕಾಟ್ಲೆಂಡ್ ಯಾರ್ಡಿನಲ್ಲೂ ಬ್ಯೂರೋ ತೆರೆದ.

ಈಗ ಗೂಡುಗಳ ಜಾಗದಲ್ಲಿ ಕಂಪ್ಯೂಟರ್ ಇದೆ. 2022ರಿಂದ ಬೆರಳಚ್ಚು ಹುಡುಕಲು ನಾಫಿಸ್ ಎಂಬ ರಾಷ್ಟ್ರಮಟ್ಟದ ಕಂಪ್ಯೂಟರ್ ವ್ಯವಸ್ಥೆ ಬಂದಿದೆ. ಸ್ಥಳದಲ್ಲಿ ಮಾಡುವ ಕೆಲಸ ಮಾತ್ರ ಹಳೆಯದೇ. ಗಾಜು, ಸ್ಟೀಲಿನಂಥ ನುಣುಪು ವಸ್ತುವಿಗೆ ಪೌಡರ್ ಸವರಿ, ಅಂಟುಟೇಪಿನಲ್ಲಿ ಗುರುತು ಎತ್ತುತ್ತಾರೆ. ಕಾಗದಕ್ಕೆ ನಿನ್‌ಹೈಡ್ರಿನ್ ಎಂಬ ರಾಸಾಯನಿಕ ಹಾಕಿದರೆ ಬೆವರಿನ ಅಂಶ ನೇರಳೆ ಬಣ್ಣಕ್ಕೆ ತಿರುಗುತ್ತದೆ. ಮೆಷಿನ್ನು ಹತ್ತಿರದ ಹೋಲಿಕೆಗಳನ್ನು ಮುಂದಿಡುತ್ತದೆ, ಹೌದು ಅಲ್ಲ ಅನ್ನುವುದು ಮನುಷ್ಯನ ಕಣ್ಣು. ಆ ಕಣ್ಣೂ ತಪ್ಪುತ್ತದೆ. 2004ರ ಮ್ಯಾಡ್ರಿಡ್ ರೈಲು ಸ್ಫೋಟದ ತನಿಖೆಯಲ್ಲಿ ಎಫ್‌ಬಿಐ ತಜ್ಞರು ಸಿಕ್ಕ ಗುರುತು ಅಮೆರಿಕದ ಒಬ್ಬ ವಕೀಲನ ಬೆರಳಿನದೇ ಅಂದರು. ಆತ ಎರಡು ವಾರ ಒಳಗಿದ್ದ. ಕೊನೆಗೆ ಸ್ಪೇನ್ ಪೊಲೀಸರು ಆ ಗುರುತು ಬೇರೆಯವನದು ಅಂತ ತೋರಿಸಿದರು, ಎಫ್‌ಬಿಐ ಕ್ಷಮೆ ಕೇಳಿತು.

2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನಲ್ಲಿ, ಏಳು ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧವಾದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಅಂತಿದೆ. ತಯಾರಾಗಲು ರಾಜ್ಯಗಳಿಗೆ ಐದು ವರ್ಷದ ಕಾಲಾವಕಾಶ. ಅವರು ಬರುವ ತನಕ ಜಾಗ ಕಾಯುವುದು ಯಾರು ಅನ್ನುವುದೇ ನನ್ನ ಅನುಮಾನ. ನಮ್ಮ ಪಕ್ಕದ ಮನೆಯಲ್ಲಿ ಕಳ್ಳತನವಾದಾಗ ಬೀದಿಗೆ ಬೀದಿಯೇ ಒಳಗೆ ನುಗ್ಗಿ ಬೀರುವಿನ ಬಾಗಿಲು ತೆಗೆದು ಹಾಕಿ ನೋಡಿತ್ತು, ನಾನೂ ಸೇರಿ. ಆಮೇಲೆ ಕಳ್ಳನದ್ದು ಯಾವುದು, ನಮ್ಮದು ಯಾವುದು ಅಂತ ಬೇರೆ ಮಾಡಲು ಮುಟ್ಟಿದವರೆಲ್ಲ ಸಾಲಾಗಿ ನಿಂತು ಬೆರಳ ಗುರುತು ಕೊಟ್ಟೆವು. ಶಾಯಿ ಎರಡು ದಿನ ಹೋಗಲಿಲ್ಲ.